ಟೊಳ್ಳು ನೋಡೋಕೆ ಹೋಗಿದ್ದು: ಡ್ರೆಸ್ಡೆನ್‌ನಿಂದ ಪ್ರಾಗ್‌ವರೆಗೆ

ಮಂಗಳವಾರ, ಜರ್ಮನಿಯ ಡ್ರೆಸ್ಡೆನ್

ತ್ಸ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹಕ್ಕೆ ಬಂದವರು ಜಾಸ್ತಿ ಹೊತ್ತು ನಿಲ್ಲೋದು ನೀಲಿ ಬಿಳಿ ಹೂಜಿಗಳ ಮುಂದೆ. ನಾನು ಪ್ರಾಣಿಗಳ ಸಾಲಿನಲ್ಲಿ ಬಿರುಕು ನೋಡುತ್ತಾ ನಿಂತುಬಿಟ್ಟೆ. ಸಿಂಹ, ಮೇಕೆ, ಘೇಂಡಾಮೃಗ, ನವಿಲು, ಎಲ್ಲವೂ ಬಿಳಿ ಪಿಂಗಾಣಿ. 1730ರ ದಶಕದಲ್ಲಿ ಹತ್ತಿರದ ಮೈಸೆನ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಕಿರ್ಶ್ನರ್ ಮತ್ತು ಕೆಂಡ್ಲರ್ ಎಂಬ ಶಿಲ್ಪಿಗಳು ಮಾಡಿದ್ದು. ಕೆಲವು ನಿಜವಾದ ಪ್ರಾಣಿಯಷ್ಟೇ ದೊಡ್ಡವು. ಹೊಟ್ಟೆ, ತೊಡೆ, ಕಾಲಿನ ಸಂದು, ಬುಡ, ಎಲ್ಲೆಲ್ಲೂ ಸೀಳು. ಕೆಲವು ಬಿರುಕಿನಲ್ಲಿ ಬೆರಳು ತೂರಿಸಬಹುದು.

ನನ್ನ ಜೊತೆ ಇದ್ದವಳು ಚಿಕ್ಕಮ್ಮನ ಮಗಳು. ಇಲ್ಲೇ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾಳೆ. ರಜೆ ಇತ್ತು, ನಾನು ಎಳೆದುಕೊಂಡು ಬಂದೆ.

"ಅಕ್ಕಾ, ಒಡೆದಿರೋದನ್ನ ಯಾಕೆ ಇಟ್ಟಿದಾರೆ?"

"ಒಡೆದಿಲ್ಲ ಕಣೇ. ಸುಡುವಾಗಲೇ ಸೀಳಿದ್ದು."

ಪಿಂಗಾಣಿ ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಎರಡೂ ಒಂದೇ ವೇಗದಲ್ಲಿ ಕುಗ್ಗುವುದಿಲ್ಲ. ಜಗ್ಗಾಟ ಶುರುವಾಗುತ್ತದೆ, ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಇಷ್ಟು ದೊಡ್ಡ ಪ್ರಾಣಿಗಳನ್ನು ಆಗ ಜಗತ್ತಿನಲ್ಲಿ ಯಾರೂ ಪಿಂಗಾಣಿಯಲ್ಲಿ ಮಾಡಿರಲಿಲ್ಲ. ಬಣ್ಣ ಹಾಕಿ ಇನ್ನೊಂದು ಸಲ ಸುಡುವ ಧೈರ್ಯವೂ ಆಗಲಿಲ್ಲ. ಸುಡದೆ ಮೇಲೆ ಮೇಲೆ ಎಣ್ಣೆ ಬಣ್ಣ ಬಳಿದರು, ಅದು ಕಾಲಕ್ರಮೇಣ ಉದುರಿಹೋಯಿತು. ಒಳ್ಳೇದೇ ಆಯಿತು ಅನ್ನಿ. ಬಣ್ಣ ಇದ್ದಿದ್ದರೆ ಬಿರುಕು ಹೀಗೆ ಕಾಣುತ್ತಿರಲಿಲ್ಲ. ಈ ಬಿರುಕುಗಳೇ ನನಗೆ ಕಿಟಕಿ. ಅಷ್ಟು ದೊಡ್ಡ ಮೇಕೆಯ ಒಳಗೆ ಏನೂ ಇಲ್ಲ, ಗೋಡೆ ಮಾತ್ರ ಇದೆ ಅಂತ ಅಲ್ಲಿಂದಲೇ ಗೊತ್ತಾಗುತ್ತದೆ.

ನಾನು ಮಾಡೋ ಕೆಲಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಒಂದು ಸಣ್ಣ ಸ್ಟುಡಿಯೊ. ಪಿಂಗಾಣಿಯಲ್ಲಿ, ಇತ್ತೀಚೆಗೆ ಗಾಜಿನಲ್ಲಿ, ಖಾಲಿ ಜಾಗಗಳನ್ನು ಎರಕ ಹೊಯ್ಯುತ್ತೇನೆ. ಸದ್ಯಕ್ಕೆ ಕೈಗೆತ್ತಿಕೊಂಡಿರುವುದು ಬೊಗಸೆ. ಕೈ ಬೇಡ, ಎರಡು ಅಂಗೈ ಕೂಡಿದಾಗ ನಡುವೆ ಉಳಿಯುವ ಜಾಗ ಬೇಕು. ಅಮ್ಮನ ಬೊಗಸೆಯಲ್ಲಿ ಪ್ಲಾಸ್ಟರ್ ಸುರಿದು ಆ ಜಾಗದ ಆಕಾರ ತೆಗೆದುಕೊಂಡಾಗಿದೆ. ಅದನ್ನು ಪಿಂಗಾಣಿಯಲ್ಲಿ ಮಾಡಿದರೆ ಸುಮ್ನೆ ಒಂದು ಉಂಡೆ ಥರ ಕಾಣುತ್ತದೆ. ಗಟ್ಟಿ ಗಾಜಿನಲ್ಲಿ ಮಾಡಿದರೆ ಪೇಪರ್‌ವೇಟ್. ಎರಡೂ ನನಗೆ ಬೇಡ. ಖಾಲಿ ಜಾಗ ಖಾಲಿಯಾಗೇ ಕಾಣಬೇಕು, ಆದರೆ ಕಾಣಬೇಕು. ಇದಕ್ಕೆ ದಾರಿ ಗೊತ್ತಿದ್ದವರು ಲಿಬೆನ್ಸ್ಕಿ, ಬ್ರಿಖ್ತೊವಾ ಎಂಬ ಇಬ್ಬರು ಗಾಜಿನ ಕಲಾವಿದರು, ಜೆಕ್ ದೇಶದ ಒಂದು ಸಣ್ಣ ಊರಿನಲ್ಲಿ ಹತ್ತಿರ ಹತ್ತಿರ ಐವತ್ತು ವರ್ಷ ಕೆಲಸ ಮಾಡಿದ್ದಾರೆ. ಅಲ್ಲಿಗೆ ಹೋಗುವ ದಾರಿಯಲ್ಲೇ ಪಿಂಗಾಣಿಯ ಹುಟ್ಟೂರೂ ಸಿಗುತ್ತದೆ ಅಂತ ಡ್ರೆಸ್ಡೆನ್‌ನಿಂದ ಹೊರಟೆ.

ಇಲ್ಲಿನ ದೊರೆ ಆಗಸ್ಟಸ್‌ಗೆ ಪಿಂಗಾಣಿ ಹುಚ್ಚು. 1717ರಲ್ಲಿ ಪ್ರಷ್ಯಾದ ರಾಜನಿಗೆ ತನ್ನ 600 ಕುದುರೆ ಸೈನಿಕರನ್ನು ಕೊಟ್ಟು 151 ಚೀನೀ ಪಿಂಗಾಣಿ ವಸ್ತು ತಗೊಂಡ. ಆ ಹೂಜಿಗಳಿಗೆ ಇವತ್ತಿಗೂ ಸೈನಿಕರ ಹೆಸರೇ ಇದೆ. ಒಂದೊಂದು ಪಾತ್ರೆಗೆ ನಾಲ್ಕು ನಾಲ್ಕು ಜನ ಬಿದ್ದ ಹಾಗಾಯಿತು. ತಂಗಿ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ, "ಥೂ" ಅಂದಳು.

ಇದೇ ಅರಮನೆಯ ಇನ್ನೊಂದು ಮೂಲೆಯಲ್ಲಿ ಹಳೆಯ ಗಣಿತ, ಭೌತಶಾಸ್ತ್ರದ ಉಪಕರಣಗಳ ಮ್ಯೂಸಿಯಂ ಇದೆ. ಪಿಂಗಾಣಿ ನೋಡಲು ಬಂದವರು ಅತ್ತ ತಲೆ ಹಾಕುವುದು ಕಡಿಮೆ. ಹೋಗಲೇಬೇಕು. ಚಿರ್ನ್‌ಹೌಸ್ ಎಂಬ ವಿಜ್ಞಾನಿ ಮಾಡಿಸಿದ ತಾಮ್ರದ ದೊಡ್ಡ ಕನ್ನಡಿ ಮತ್ತು ಗಾಜಿನ ಮಸೂರಗಳು ಅಲ್ಲಿವೆ. ಬಿಸಿಲನ್ನು ಒಂದೇ ಚುಕ್ಕೆಗೆ ತಂದು, ಅಲ್ಲಿ ಮಣ್ಣು ಕಲ್ಲು ಇಟ್ಟು, ಯಾವುದು ಕರಗುತ್ತದೆ ಯಾವುದು ಕರಗುವುದಿಲ್ಲ ಅಂತ ಪರೀಕ್ಷೆ ಮಾಡಿದ ಸಾಧನಗಳು. ಯುರೋಪಿನ ಗಟ್ಟಿ ಪಿಂಗಾಣಿಯ ಹಿಂದೆ ಈ ಪರೀಕ್ಷೆಗಳಿವೆ. ಗಾಜಿನ ಮಸೂರ ಮುಂದೆ ನಿಂತು ಪಿಂಗಾಣಿಗೆ ದಾರಿ ತೋರಿಸಿದೆ ಅಂದಮೇಲೆ ಎರಡನ್ನೂ ಒಟ್ಟಿಗೆ ಹಿಡಿದು ಕೂತ ನನಗೆ ಸ್ವಲ್ಪ ಸಮಾಧಾನ ಆಯಿತು. ಬೆಂಗಳೂರಿನಲ್ಲಿ ಎಲ್ಲರೂ ಹೇಳೋದು ಒಂದೇ, "ಒಂದನ್ನ ಸರಿಯಾಗಿ ಮಾಡಮ್ಮಾ" ಅಂತ.

ಬುಧವಾರ, ಮೈಸೆನ್

ಡ್ರೆಸ್ಡೆನ್‌ನಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಎಲ್ಬೆ ನದಿಯ ಪಕ್ಕದಲ್ಲಿ, ದ್ರಾಕ್ಷಿ ತೋಟಗಳ ಕೆಳಗೆ ಸಾಗುತ್ತದೆ. ಊರು ಬರುವಾಗ ಗುಡ್ಡದ ಮೇಲೆ ಆಲ್ಬ್ರೆಕ್ಟ್ಸ್‌ಬುರ್ಗ್ ಕೋಟೆ ಕಾಣುತ್ತದೆ. 1710ರಲ್ಲಿ ಕಾರ್ಖಾನೆ ಶುರುವಾಗಿದ್ದು ಆ ಕೋಟೆಯೊಳಗೆ. ಗುಟ್ಟು ಹೊರಗೆ ಹೋಗಬಾರದು ಅಂತ. 1860ರ ದಶಕದಲ್ಲಿ ಕೆಳಗಿನ ಕಣಿವೆಗೆ ಬಂತು, ಈಗಲೂ ಅಲ್ಲೇ ಇದೆ.

ಕಥೆ ಬಹಳ ಜನರಿಗೆ ಗೊತ್ತು. ಬ್ಯೊಟ್ಗರ್ ಅನ್ನೋ ಹುಡುಗ ಚಿನ್ನ ಮಾಡಿಕೊಡುತ್ತೇನೆ ಅಂತ ಬಾಯಿ ಬಿಟ್ಟ. ದೊರೆ ಹಿಡಿದು ಕೂಡಿಹಾಕಿದ. ಚಿನ್ನ ಬರಲಿಲ್ಲ. ಚಿರ್ನ್‌ಹೌಸ್ ಅವನನ್ನು ಪಿಂಗಾಣಿ ಕಡೆಗೆ ತಿರುಗಿಸಿದ. 1708ರ ಜನವರಿಯಲ್ಲಿ ಬ್ಯೊಟ್ಗರ್ ಬರೆದಿಟ್ಟ ಪ್ರಯೋಗದ ಟಿಪ್ಪಣಿ ಉಳಿದಿದೆ. ಯಾವ ಮಿಶ್ರಣ ಬಿಳಿಯಾಗಿ, ಬೆಳಕು ಹಾಯುವಂತೆ ಬಂತು ಅಂತ ಅದರಲ್ಲಿದೆ. ಅದೇ ವರ್ಷ ಚಿರ್ನ್‌ಹೌಸ್ ತೀರಿಕೊಂಡ. ಹೆಸರೆಲ್ಲ ಬ್ಯೊಟ್ಗರ್‌ಗೆ ಹೋಯಿತು. ಅವನೂ ಬಹಳ ಕಾಲ ಬದುಕಲಿಲ್ಲ, 1719ರಲ್ಲಿ ಹೋದ.

ಕಾರ್ಖಾನೆಯ ಮ್ಯೂಸಿಯಂನಲ್ಲಿ ಕೆಲಸಗಾರರು ನಮ್ಮ ಎದುರಿಗೇ ಕೆಲಸ ಮಾಡಿ ತೋರಿಸುತ್ತಾರೆ. ಒಂದೊಂದು ಕೋಣೆಯಲ್ಲಿ ಒಂದೊಂದು ಹಂತ. ಚಕ್ರದಲ್ಲಿ ಎತ್ತುವುದು, ಅಚ್ಚಿನಲ್ಲಿ ಒತ್ತಿ ಜೋಡಿಸುವುದು, ಗ್ಲೇಜ್ ಅನ್ನೋ ಹೊಳಪಿನ ಲೇಪದ ಕೆಳಗಿನ ನೀಲಿ ಬಣ್ಣ, ಗ್ಲೇಜ್ ಮೇಲಿನ ಬಣ್ಣ. ಪ್ರವಾಸಿಗಳಿಗೆ ಅಂತ ಮಾಡಿದ ವ್ಯವಸ್ಥೆ, ಕಿವಿಗೆ ಬೇರೆ ಬೇರೆ ಭಾಷೆಯ ವಿವರಣೆ ಬರುತ್ತದೆ. ಗುಂಪನ್ನು ಬೇಗ ಬೇಗ ಮುಂದೆ ಸಾಗಿಸುತ್ತಾರೆ. ನನಗೆ ಎರಡನೇ ಕೋಣೆ ಸಾಕಾಗಿತ್ತು.

ಅಲ್ಲಿ ಕೂತಿದ್ದ ಹೆಂಗಸು ಒಂದು ಸಣ್ಣ ಬೊಂಬೆ ಜೋಡಿಸುತ್ತಿದ್ದರು. ಮುಂಡ ಒಂದು ಅಚ್ಚಿನಿಂದ, ತೋಳು ಇನ್ನೊಂದರಿಂದ, ತಲೆ ಮತ್ತೊಂದರಿಂದ. ಎರಡು ಭಾಗದ ಪ್ಲಾಸ್ಟರ್ ಅಚ್ಚು ಬಿಚ್ಚಿದಾಗ ಒಳಗಿನ ಮಣ್ಣು ಇನ್ನೂ ತೇವ. ಪ್ಲಾಸ್ಟರ್ ನೀರು ಎಳೆದುಕೊಂಡಿದ್ದರಿಂದ ಮಣ್ಣು ಅಚ್ಚಿನಿಂದ ತಾನೇ ಬಿಟ್ಟುಕೊಂಡಿತ್ತು. ಅವರು ತೋಳಿನ ತುದಿಗೆ ಬ್ರಷ್ಷಿನಲ್ಲಿ ತೆಳು ಮಣ್ಣಿನ ನೀರು ಹಚ್ಚಿದರು. ಒತ್ತಿದರು. ಸಂದಿನಿಂದ ಉಕ್ಕಿದ ಮಣ್ಣನ್ನು ಮರದ ಕಡ್ಡಿಯಿಂದ ಒರೆಸಿದರು. ಆಮೇಲೆ ಒಂದು ಕೆಲಸ ಮಾಡಿದರು, ಗುಂಪಿನಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ. ಬೊಂಬೆಯನ್ನು ತಿರುಗಿಸಿ, ಕಾಣದ ಜಾಗದಲ್ಲಿ ಸೂಜಿಯಂಥದ್ದರಿಂದ ಒಂದು ತೂತು ಚುಚ್ಚಿದರು.

ನಾವು ಮಣ್ಣಿನ ಕೆಲಸದವರೆಲ್ಲ ಮಾಡೋದೇ ಅದು. ಒಳಗೆ ಸಿಕ್ಕ ಗಾಳಿ, ಆವಿ ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಕಿಲ್ನ್‌ನಲ್ಲಿ, ಅಂದರೆ ಸುಡುವ ಗೂಡಿನಲ್ಲಿ, ಬೊಂಬೆ ಸಿಡಿಯುತ್ತದೆ. ಅಂದರೆ ಪ್ರತಿ ಪಿಂಗಾಣಿ ಶಿಲ್ಪದ ಒಳಗೂ ಒಂದು ಖಾಲಿ ಕೋಣೆ, ಅದಕ್ಕೊಂದು ಕಳ್ಳ ಬಾಗಿಲು. ಶಿಲ್ಪಿಯೂ ನೋಡುವವನೂ ಸೇರಿ ಆ ಕೋಣೆ ಇಲ್ಲ ಅಂತ ನಟಿಸುತ್ತಾರೆ. ಮೈಸೆನ್‌ನ ಬೊಂಬೆಗಳ ಬಗ್ಗೆ ನನಗಿರುವ ತಕರಾರು ಇದೇ. ಲೇಸು, ಗುಲಾಬಿ, ಜರಿ, ಕೆನ್ನೆಯ ಕೆಂಪು, ಎಲ್ಲ ಮೇಲ್ಮೈ ಮೇಲೆ. ಕೈಚಳಕಕ್ಕೆ ಕೈ ಮುಗಿಯಬೇಕು, ಸರಿ. ಆದರೆ ಒಳಗಿನ ಜಾಗಕ್ಕೆ ಏನೂ ಕೆಲಸ ಕೊಟ್ಟಿಲ್ಲ.

ಗಾಜಿನ ಕಪಾಟಿನಲ್ಲಿ ಒಂದೇ ಬೊಂಬೆಯನ್ನು ಸುಡುವ ಮುಂಚೆ, ಸುಟ್ಟ ಮೇಲೆ ಅಂತ ಅಕ್ಕಪಕ್ಕ ಇಟ್ಟಿದ್ದರು. ಸುಮಾರು ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಮೊದಲ ಸುಡುವಿಕೆ ಸುಮಾರು 950 ಡಿಗ್ರಿಗೆ, ಗ್ಲೇಜ್ ಹಾಕಿದ ಮೇಲಿನದು 1400ರ ಹತ್ತಿರ. ಆ ಶಾಖದಲ್ಲಿ ಮಿಶ್ರಣದಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ ಗಾಜಿನಂತಾಗಿ ಕೇಯೋಲಿನ್ ಎಂಬ ಬಿಳಿ ಮಣ್ಣಿನ ಕಣಗಳ ಸಂದುಗಳನ್ನು ತುಂಬುತ್ತದೆ. ಬೆಳಕು ಹಾಯುವುದು ಅದರಿಂದಲೇ. ಪಿಂಗಾಣಿಯೊಳಗೆ ಆಗಲೇ ಸ್ವಲ್ಪ ಗಾಜು ಇದೆ.

ತಂಗಿ ಕೇಳಿದಳು, "ನಮ್ಮೂರಲ್ಲೂ ಪೋರ್ಸಲೇನ್ ಫ್ಯಾಕ್ಟರಿ ಇತ್ತಲ್ವಾ, ಟಾಟಾ ಇನ್‌ಸ್ಟಿಟ್ಯೂಟ್ ಎದುರಿಗೆ?" ಇತ್ತು. ಆದರೆ ಅಲ್ಲಿ ಮುಖ್ಯವಾಗಿ ಮಾಡಿದ್ದು ಕರೆಂಟ್ ಕಂಬಕ್ಕೆ ಹಾಕೋ ಇನ್ಸುಲೇಟರ್. ನಿಜ ಹೇಳಬೇಕೆಂದರೆ ಈ ಗುಲಾಬಿ ಹೂವಿನ ಬೊಂಬೆಗಳಿಗಿಂತ ಆ ಇನ್ಸುಲೇಟರ್‌ಗಳ ಆಕಾರವೇ ನನಗೆ ಇಷ್ಟ. ಒಂದು ಬಿಲ್ಲೆಗೂ ಇನ್ನೊಂದು ಬಿಲ್ಲೆಗೂ ನಡುವೆ ಬಿಟ್ಟ ಜಾಗ ಇಷ್ಟೇ ಇರಬೇಕು ಅಂತ ಲೆಕ್ಕ ಹಾಕಿ ಮಾಡಿದ್ದು.

ಮಧ್ಯಾಹ್ನ ಊರ ಚೌಕಕ್ಕೆ ಹೋದೆವು. ಅಲ್ಲಿನ ಫ್ರೌವೆನ್‌ಕಿರ್ಖೆ ಚರ್ಚಿನ ಗೋಪುರದಲ್ಲಿ ಪಿಂಗಾಣಿಯ ಗಂಟೆಗಳಿವೆ, 37. 1929ರಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ ಇನ್ನೂರು ವರ್ಷದಿಂದ ಆಗಾಗ ಪ್ರಯತ್ನ ನಡೆದಿತ್ತು, ಶ್ರುತಿ ಮಾತ್ರ ಕೂಡಿರಲಿಲ್ಲ. ಕೊನೆಗೆ ಎಮಿಲ್ ಪೌಲ್ ಬ್ಯೋರ್ನರ್ ಎಂಬ ಕಲಾವಿದ ಸಾಧಿಸಿದ. ಕಷ್ಟ ಯಾಕೆ ಅಂತ ಊಹಿಸುವುದು ಸುಲಭ. ಗಂಟೆ ಸುಟ್ಟಾಗ ಕುಗ್ಗುತ್ತದೆ, ಕುಗ್ಗಿದರೆ ಸ್ವರ ಏರುತ್ತದೆ.

ಗಂಟೆ ಬಾರಿಸಿತು. ಲೋಹದ ಗಂಟೆಯ ಗುಂಯ್ ಅನ್ನೋ ಮೊಳಗಿಲ್ಲ. ಚುರುಕಾಗಿ, ಸಣ್ಣದಾಗಿ, ಟಿಣ್ ಅಂತ ಬಂದು ನಿಂತುಬಿಡುತ್ತದೆ. ಸಂತೆಯಲ್ಲಿ ಮಡಿಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತೇವಲ್ಲ, ಅದೇ ಪರೀಕ್ಷೆಯನ್ನು ಯಾರೋ ಗೋಪುರದ ಮೇಲೆ ಕೂತು ರಾಗವಾಗಿ ಮಾಡಿದ ಹಾಗಿತ್ತು. ಇಡೀ ಊರಿನಲ್ಲಿ ಪಿಂಗಾಣಿಯ ಟೊಳ್ಳನ್ನು ಮುಚ್ಚಿಡದೆ ದುಡಿಸಿಕೊಂಡವನು ಬ್ಯೋರ್ನರ್ ಒಬ್ಬನೇ ಅನ್ನಿಸಿತು. ತಂಗಿ ಆ ಹೊತ್ತಿಗೆ ಐಸ್‌ಕ್ರೀಂ ಸಾಲಿನಲ್ಲಿದ್ದಳು.

ಗುರುವಾರ, ಯಾಬ್ಲೊನೆತ್ಸ್

ಡ್ರೆಸ್ಡೆನ್‌ನಿಂದ ಲಿಬೆರೆತ್ಸ್‌ಗೆ ನೇರ ರೈಲಿದೆ. ಜರ್ಮನಿಯ ತ್ಸಿಟ್ಟಾವ್ ದಾಟಿದ ಮೇಲೆ ಕೆಲವೇ ಕಿಲೋಮೀಟರ್ ಪೋಲೆಂಡ್ ಒಳಗೆ ಹಾದು ಜೆಕ್ ದೇಶಕ್ಕೆ ಬರುತ್ತದೆ. ಐದು ನಿಮಿಷಕ್ಕೆಂದು ಮೊಬೈಲಿಗೆ ಪೋಲೆಂಡಿನ ಸ್ವಾಗತ ಬಂತು. ಲಿಬೆರೆತ್ಸ್‌ನಲ್ಲಿ ಇಳಿದು ಇನ್ನೊಂದು ಸಣ್ಣ ರೈಲು ಹಿಡಿದರೆ ಯಾಬ್ಲೊನೆತ್ಸ್. ಹಿಂದೆ ಇದರ ಜರ್ಮನ್ ಹೆಸರು ಗಾಬ್ಲೊನ್ಸ್. ಮಣಿ, ಗುಂಡಿ, ನಕಲಿ ರತ್ನಗಳ ಊರು.

ಇಲ್ಲಿನ ಗಾಜು ಮತ್ತು ಆಭರಣದ ಮ್ಯೂಸಿಯಂನಲ್ಲಿ ನಾನು ಹುಡುಕಿದ್ದು ಬಳೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಮೊದಲ ದಶಕಗಳವರೆಗೆ ಇಲ್ಲಿಂದ ಭಾರತಕ್ಕೆ ರಾಶಿ ರಾಶಿ ಗಾಜಿನ ಬಳೆ ಹೋಗುತ್ತಿತ್ತು. ಹಿಮ ಬೀಳುವ ಈ ಗುಡ್ಡಗಾಡಿನ ಮನೆಗಳಲ್ಲಿ ಕೂತವರು ಯಾವತ್ತೂ ನೋಡದ ಹೆಂಗಸರ ಕೈ ಅಳತೆಗೆ ಗಾಜು ಬಾಗಿಸಿದ್ದಾರೆ. ನಮ್ಮ ಅಜ್ಜಿಯರ ಅಜ್ಜಿಯರು ಜಾತ್ರೆಯಲ್ಲಿ ತೊಟ್ಟ ಬಳೆಗಳಲ್ಲಿ ಇಲ್ಲಿಂದ ಬಂದದ್ದೂ ಇದ್ದಿರಬಹುದು.

ಶಿಲ್ಪದ ಕಣ್ಣಿನಿಂದ ನೋಡಿದರೆ ಬಳೆ ವಿಚಿತ್ರ ವಸ್ತು. ಬಳೆಗಾರ ಅಳೆಯುವುದು ಗಾಜನ್ನಲ್ಲ, ಮಧ್ಯದ ತೂತನ್ನು. ಎರಡು ನಾಲ್ಕು, ಎರಡು ಆರು ಅಂತ ನಾವು ಹೇಳುವ ಸೈಜು ಆ ಖಾಲಿ ಜಾಗದ್ದು. ಕೈ ಬೆರಳು ಕೂಡಿಸಿ, ಗೆಣ್ಣು ಒತ್ತಿ, ಸೋಪಿನ ನೀರು ಹಾಕಿ ತೂರಿಸುವಾಗ ಆ ತೂತು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಮೈಸೆನ್‌ನವರು ಮುಚ್ಚಿಟ್ಟದ್ದನ್ನು ಇಲ್ಲಿ ಮಾರುತ್ತಿದ್ದರು.

ಮ್ಯೂಸಿಯಂನ ಹೊಸ ಭಾಗದಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗಿಸುವ ಗಾಜಿನ ಅಲಂಕಾರಗಳು ತುಂಬಿವೆ. ಚಂದ ಇವೆ. ಹತ್ತು ನಿಮಿಷ ನೋಡಿ ಬಂದೆ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಇಲ್ಲಿ ಎಲ್ಲ ಕಡೆ ಸಿಗೋದು ಬ್ರೆಡ್ ಪುಡಿ ಮೆತ್ತಿ ಎಣ್ಣೆಯಲ್ಲಿ ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಮೊದಲ ದಿನ ರುಚಿ. ಆಮೇಲೆ ತಂಗಿ ಬ್ಯಾಗಿನಿಂದ ಪುಳಿಯೋಗರೆ ಗೊಜ್ಜು ತೆಗೆದಳು. ಆಲೂಗಡ್ಡೆಗೆ ಹಚ್ಚಿಕೊಂಡು ತಿಂದೆವು.

ಶುಕ್ರವಾರ, ಝೆಲೆಜ್ನಿ ಬ್ರೋಡ್

ಬೆಳಿಗ್ಗೆ ತಾನ್ವಾಲ್ಡ್‌ನಲ್ಲಿ ರೈಲು ಬದಲಿಸಿ ಕಾಮೆನಿತ್ಸೆ ಹೊಳೆಯ ಕಣಿವೆಯಲ್ಲಿ ಇಳಿಯುತ್ತಾ ಬಂದೆವು. ಎರಡೂ ಕಡೆ ಕಾಡು, ನಡುನಡುವೆ ಹಳೆಯ ಗಿರಣಿಗಳು. ಝೆಲೆಜ್ನಿ ಬ್ರೋಡ್ ಯಿಝೆರಾ ನದಿ ದಂಡೆಯ ಊರು. ಚಿಕ್ಕದು. 1920ರಲ್ಲಿ ಇಲ್ಲಿ ಗಾಜಿನ ಶಾಲೆ ಶುರುವಾಯಿತು, ಈಗಲೂ ನಡೆಯುತ್ತಿದೆ. ಅದನ್ನು ಕಟ್ಟಿದವರಲ್ಲಿ ಯಾರೊಸ್ಲಾವ್ ಬ್ರಿಖ್ತಾ ಒಬ್ಬರು. ಅವರ ಮಗಳು ಯಾರೊಸ್ಲಾವಾ ಬ್ರಿಖ್ತೊವಾ ಹುಟ್ಟಿದ್ದು ಇದೇ ಊರಿನಲ್ಲಿ, 1924ರಲ್ಲಿ. ಊರಿನ ಗಾಜಿನ ಕಾರ್ಖಾನೆಯಲ್ಲಿ ಕಟ್ಟಡಗಳಿಗೆ ಬೇಕಾದ ಎರಕದ ಗಾಜಿನ ವಿಭಾಗವನ್ನು 1950ರಲ್ಲಿ ಶುರು ಮಾಡಿದ್ದು ಆಕೆ. ಸ್ಟಾನಿಸ್ಲಾವ್ ಲಿಬೆನ್ಸ್ಕಿ ಹೊರಗಿನವರು, ಚಿತ್ರಕಾರರು. 1954ರಲ್ಲಿ ಶಾಲೆಯ ಮುಖ್ಯಸ್ಥರಾಗಿ ಬಂದರು.

ಅವರ ಕೋಣೆಯಲ್ಲಿ ತಲೆಯ ಆಕಾರದ ಒಂದು ಬೋಗುಣಿಯ ಚಿತ್ರ ಇತ್ತಂತೆ. ಬ್ರಿಖ್ತೊವಾ ನೋಡಿದರು. ಇದನ್ನು ಗಾಜಿನಲ್ಲಿ ಮಾಡಲಾ ಅಂತ ಕೇಳಿದರು. ಅಲ್ಲಿಂದ ಶುರುವಾದ ಜೋಡಿ 2002ರಲ್ಲಿ ಲಿಬೆನ್ಸ್ಕಿ ತೀರಿಕೊಳ್ಳುವವರೆಗೆ ನಡೆಯಿತು. ಲಿಬೆನ್ಸ್ಕಿ ಚಿತ್ರ ಬರೆಯುವುದು, ಬ್ರಿಖ್ತೊವಾ ಮಣ್ಣಿನಲ್ಲಿ ಮೂರು ಆಯಾಮಕ್ಕೆ ತರುವುದು. 1963ರಲ್ಲಿ ಮದುವೆಯೂ ಆದರು. ಗಾಜನ್ನು ಎರಕದ ಶಿಲ್ಪವಾಗಿ ಜಗತ್ತು ಗಂಭೀರವಾಗಿ ನೋಡಲು ಶುರು ಮಾಡಿದ್ದಕ್ಕೆ ಈ ಇಬ್ಬರಿಗಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಮ್ಯೂಸಿಯಂನ ಗಾಜಿನ ವಿಭಾಗದಲ್ಲಿ ಇವರ ಕೆಲಸ ಹತ್ತಿರದಿಂದ ನೋಡಲು ಸಿಗುತ್ತದೆ. ಒಂದು ತಲೆಯ ಮುಂದೆ ನಿಂತೆ. ಮಬ್ಬು ಬಣ್ಣದ ದಪ್ಪ ಗಾಜು. ಎದುರಿನ ಮೈ ಬಹುತೇಕ ಸಪಾಟು. ಒಳಗೆ ಒಂದು ಮುಖ, ನನ್ನ ಕಡೆಗೆ ಉಬ್ಬಿ ಬಂದಂತೆ. ಮೂಗು ಎಲ್ಲಕ್ಕಿಂತ ಬೆಳ್ಳಗೆ. ಕೆನ್ನೆ ಅದಕ್ಕಿಂತ ಮಬ್ಬು. ತಲೆಯ ಅಂಚಿನ ಕಡೆಗೆ ಹೋದಂತೆ ಹೆಚ್ಚು ಕಮ್ಮಿ ಕಪ್ಪು. ಎಡಕ್ಕೆ ಎರಡು ಹೆಜ್ಜೆ ಹೋದೆ. ಮುಖ ನನ್ನ ಜೊತೆ ತಿರುಗಿತು. ಬಲಕ್ಕೆ ಬಂದೆ, ಬಲಕ್ಕೂ ತಿರುಗಿತು.

ಹಿಂದೆ ಹೋಗಿ ನೋಡಿದರೆ ಮುಖವೇ ಇಲ್ಲ. ಒಂದು ಗುಂಡಿ. ಮುಖದ ಆಕಾರದಲ್ಲಿ ತೋಡಿದ ಒರಟು ಹಳ್ಳ. ಮೂಗು ಇರಬೇಕಾದ ಕಡೆ ಹಳ್ಳ ಬಹಳ ಆಳ, ಅಲ್ಲಿ ಗಾಜು ತೆಳು. ಅದಕ್ಕೇ ಬೆಳಕು ಸಲೀಸಾಗಿ ಹಾಯುತ್ತದೆ. ಕೆನ್ನೆಯ ಹತ್ತಿರ ಗಾಜು ದಪ್ಪ, ಬೆಳಕು ಕಮ್ಮಿ. ಗಾಜು ಒಂದೇ ಬಣ್ಣದ್ದು, ದಪ್ಪ ತೆಳುವಿನಲ್ಲೇ ಇಡೀ ಚಿತ್ರ ಬರೆದಿದ್ದಾರೆ. ಹಳ್ಳ ಬಿದ್ದ ಮುಖವನ್ನು ನಮ್ಮ ಕಣ್ಣು ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಉಬ್ಬಿದ ಮುಖಗಳನ್ನೇ ನೋಡಿದ್ದೇವೆ. ಆದ್ದರಿಂದ ಹಳ್ಳವನ್ನೂ ಉಬ್ಬು ಅಂತಲೇ ಓದುತ್ತದೆ, ನಾವು ನಡೆದಾಗ ಅದು ತಿರುಗಿದಂತೆ ಕಾಣುತ್ತದೆ.

ನಾನು ಹಿಂದೆ ಮುಂದೆ ಓಡಾಡಿದ್ದು ನೋಡಿ ಕಾವಲು ಕೂತಿದ್ದ ಅಜ್ಜಿ ನಕ್ಕರು. ತಂಗಿ ಮುಂದೆ ನಿಂತಳು, ನಾನು ಹಿಂದಿನಿಂದ ಹಳ್ಳದ ಹತ್ತಿರ ಕೈ ಹಿಡಿದೆ. ಮುಟ್ಟಲಿಲ್ಲ.

"ಅಕ್ಕಾ, ನಿನ್ನ ಕೈ ಅವನ ಬಾಯೊಳಗಿದೆ!"

ಅಷ್ಟೇ ನನಗೆ ಬೇಕಾಗಿದ್ದು. ಟೊಳ್ಳು ಟೊಳ್ಳಾಗೇ ಇದೆ, ಕೈ ಹಾಕಬಹುದು. ಆದರೆ ಎದುರಿನಿಂದ ಅದಕ್ಕೆ ಮೈ ಬಂದಿದೆ.

ಮಾಡುವ ಕ್ರಮವನ್ನು ಕಲಿತದ್ದು ನಾನು ಬೆಂಗಳೂರಿನಲ್ಲೇ, ಪುಸ್ತಕ ಓದಿ, ಕೈ ಸುಟ್ಟುಕೊಂಡು. ಆದರೂ ಇದನ್ನು ಎದುರಿಗೆ ಕಂಡಮೇಲೆ ಲೆಕ್ಕ ಬೇರೆಯಾಯಿತು. ಮೊದಲು ಮಣ್ಣಿನಲ್ಲಿ ಆಕಾರ. ಅದರಿಂದ ಪ್ಲಾಸ್ಟರ್. ಕೊನೆಗೆ ಪ್ಲಾಸ್ಟರ್ ಮತ್ತು ಸಿಲಿಕಾ ಪುಡಿ ಕಲಸಿದ, ಶಾಖ ತಡೆಯುವ ಅಚ್ಚು. ಅದರೊಳಗೆ ಗಾಜಿನ ತುಂಡುಗಳನ್ನು ಪೇರಿಸಿ ಕಿಲ್ನ್‌ನಲ್ಲಿ 850 ಡಿಗ್ರಿ ಆಸುಪಾಸು ಕರಗಿಸುವುದು. ಗಾಜಿನಲ್ಲಿ ಹಳ್ಳ ಬೇಕಾದ ಕಡೆ ಅಚ್ಚಿನಲ್ಲಿ ದಿಬ್ಬ ನಿಂತಿರಬೇಕು. ಅಂದರೆ ಅಮ್ಮನ ಬೊಗಸೆಯಿಂದ ತೆಗೆದ ಆ ಪ್ಲಾಸ್ಟರ್ ಉಂಡೆಯೇ ನನಗೆ ತಿರುಳು. ಅದರ ಸುತ್ತ ಗಾಜು ಕರಗಬೇಕು. ಆಮೇಲೆ ತಿರುಳನ್ನು ಕೆರೆದು ತೆಗೆಯಬೇಕು. ತಿರುಳು ಗಾಜಿಗಿಂತ ಮೆದುವಾಗಿರಬೇಕು. ಗಾಜು ತಣ್ಣಗಾಗುತ್ತಾ ಕುಗ್ಗಿ ತಿರುಳನ್ನು ಅಪ್ಪಿ ಹಿಡಿದಾಗ ಜಗ್ಗದಿದ್ದರೆ ಗಾಜೇ ಒಡೆಯುತ್ತದೆ.

ತಣ್ಣಗಾಗಿಸುವುದೇ ನಿಜವಾದ ಕೆಲಸ. ಗಾಜು ದಪ್ಪವಾದಷ್ಟೂ ಹೊರಮೈ ಬೇಗ ಆರಿ ಒಳಗಿನದು ಬಿಸಿ ಉಳಿದು ಬಿಗಿತ ಹುಟ್ಟುತ್ತದೆ. ಅದಕ್ಕೇ ಡಿಗ್ರಿ ಡಿಗ್ರಿಯಾಗಿ ಇಳಿಸುತ್ತಾರೆ. ದಪ್ಪ ದುಪ್ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು. ಲಿಬೆನ್ಸ್ಕಿ, ಬ್ರಿಖ್ತೊವಾ ಅವರ ದೊಡ್ಡ ಕೆಲಸಗಳು ವಾರಗಟ್ಟಲೆ ಕಿಲ್ನ್‌ನಲ್ಲಿ ಕೂತಿವೆ. ನಮ್ಮ ಏರಿಯಾದಲ್ಲಿ ಕರೆಂಟ್ ಹೋಗುವ ರೀತಿಗೆ ಒಂದು ದಿನ ಪೂರ್ತಿ ಸಿಕ್ಕರೆ ಪುಣ್ಯ.

ಇವರ ಬಗ್ಗೆ ಇನ್ನೊಂದು ಕಥೆ ಹೇಳದೆ ಇರಲಾರೆ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಈ ದೇಶಕ್ಕೆ ನುಗ್ಗಿದವು. 1970ರಲ್ಲಿ ಒಸಾಕಾದ ವಿಶ್ವ ಮೇಳಕ್ಕೆ ಜೆಕೊಸ್ಲೊವಾಕಿಯದ ಪರವಾಗಿ ಇವರಿಬ್ಬರು ಒಂದು ಭಾರೀ ಗಾಜಿನ ಕೃತಿ ಮಾಡಿದರು, 'ಬದುಕಿನ ನದಿ'. 22 ಮೀಟರ್ ಉದ್ದ. ಅದರ ಹೆಪ್ಪುಗಟ್ಟಿದ ನೀರಿನ ಮೇಲೆ ಬೂಟುಗಳ ಗುರುತು ಮೂಡಿಸಿದ್ದರು. ಸೈನಿಕರ ಬೂಟು. ಸರ್ಕಾರದವರಿಗೆ ಅರ್ಥವಾಯಿತು, ಪಕ್ಷದಿಂದ ಹೊರಹಾಕಿದರು. ಹೆಜ್ಜೆ ಗುರುತು ಅಂದರೇನು, ಹೋದವನು ಬಿಟ್ಟ ಹಳ್ಳ. ಹತ್ತು ಘೋಷಣೆ ಬರೆದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಖಾಲಿ ಜಾಗದ ಕಲೆ ಅಂದರೆ ಸುಮ್ನೆ ಧ್ಯಾನ, ಮೌನ, ಶಾಂತಿ ಅಂತ ಗ್ಯಾಲರಿಗಳಲ್ಲಿ ಬರೆದು ಅಂಟಿಸುತ್ತಾರಲ್ಲ, ಅವರು ಈ ಕಥೆ ಓದಬೇಕು.

ಶನಿವಾರ, ಅಲ್ಲೇ

ಮಳೆ. ಊರಿನ ಹಳೆಯ ಭಾಗ ತ್ರಾವ್ನಿಕಿಯಲ್ಲಿ ಮರದ ದಿಮ್ಮಿಯ ಮನೆಗಳ ನಡುವೆ ಕೊಡೆ ಹಿಡಿದು ಓಡಾಡಿದೆವು. ಸಂಜೆ ರೂಮಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗೀಚಿದೆ.

ತಂಗಿಗೆ ಒಂದು ಐಡಿಯಾ ಬಂತು. "ಪಿಂಗಾಣಿ ಬೊಗಸೆ ಮಾಡಿ, ಅದರ ಸುತ್ತ ಗಾಜು ಕರಗಿಸಿಬಿಡು. ಎರಡೂ ಸೇರಿತು." ಕೇಳೋಕೆ ಚಂದ. ಬಿಸಿಗೆ ಹಿಗ್ಗುವುದು, ಆರಿದಾಗ ಕುಗ್ಗುವುದು ಎರಡಕ್ಕೂ ಬೇರೆ ಬೇರೆ. ನಾವು ಬಳಸುವ ಮಾಮೂಲಿ ಗಾಜು ಪಿಂಗಾಣಿಗಿಂತ ಜಾಸ್ತಿ ಕುಗ್ಗುತ್ತದೆ. ಒಳಗಿನ ಪಿಂಗಾಣಿ ಜಗ್ಗುವುದಿಲ್ಲ. ಗಾಜು ಆರುವಾಗ ಅಥವಾ ಎರಡು ತಿಂಗಳ ನಂತರ ಶೆಲ್ಫಿನ ಮೇಲೆ ಕೂತಿದ್ದಾಗ ಟಪ್ ಅನ್ನುತ್ತದೆ. ಅವಳು ಎಂಜಿನಿಯರ್, ತಕ್ಷಣ ಒಪ್ಪಿಕೊಂಡಳು. ಆಮೇಲೆ ತಾನೇ ಹೇಳಿದಳು, "ಹಂಗಾದ್ರೆ ತಾಕದ ಹಾಗೆ ಇಡು."

ಅದು ಸರಿ ಅನ್ನಿಸಿತು. ಒಂದೇ ಬೊಗಸೆಯಿಂದ ಎರಡು ಕೆಲಸ. ಒಂದು, ಗಾಜಿನ ದಿಮ್ಮಿಯ ಹಿಂದೆ ತೋಡಿದ ಹಳ್ಳ. ಇನ್ನೊಂದು, ಅದೇ ಆಕಾರದ ತೆಳು ಪಿಂಗಾಣಿ ಚಿಪ್ಪು. ಚಿಪ್ಪು ಸುಟ್ಟಾಗ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಆದ್ದರಿಂದ ಹಳ್ಳದೊಳಗೆ ಇಟ್ಟರೆ ಸುತ್ತಲೂ ಜಾಗ ಬಿಟ್ಟು ಕೂರುತ್ತದೆ. ಕುಗ್ಗುವುದರ ಮೇಲೆ ಇಷ್ಟು ವರ್ಷ ಸಿಡಿಮಿಡಿ ಮಾಡಿದ್ದೇನೆ, ಈ ಸಲ ಅದರ ಕೈಯಲ್ಲೇ ಅಳತೆ ಹಾಕಿಸಬಹುದು.

ಭಾನುವಾರ, ಪ್ರಾಗ್

ತುರ್ನೊವ್‌ನಲ್ಲಿ ರೈಲು ಬದಲಿಸಿ ಪ್ರಾಗ್‌ಗೆ ಬಂದೆವು. ಭಾನುವಾರ ಬೆಳಿಗ್ಗೆ ಸಂತ ವೀಟಸ್ ಚರ್ಚಿನಲ್ಲಿ ಪೂಜೆ, ಪ್ರವಾಸಿಗಳಿಗೆ ಬಾಗಿಲು ತೆರೆಯುವುದು ಮಧ್ಯಾಹ್ನ. ಒಳಗೆ ಸಂತ ವೆನ್ಸೆಸ್ಲಾಸ್ ಗುಡಿಯ ಕಿಟಕಿಗಳು ಲಿಬೆನ್ಸ್ಕಿ, ಬ್ರಿಖ್ತೊವಾ ಅವರದು, 1960ರ ದಶಕದ ಕೆಲಸ. ಆ ಗುಡಿಯ ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ಇಣುಕಬೇಕು. ಹಿಂದೆ ಸಾಲು ನೂಕುತ್ತಿರುತ್ತದೆ. ಗೋಡೆಯ ರತ್ನದ ಕಲ್ಲುಗಳು, ಹಳೆಯ ಚಿತ್ರಗಳು, ಚಿನ್ನ. ಇಷ್ಟರ ನಡುವೆ ಕಿಟಕಿಗಳು ಅಬ್ಬರ ಮಾಡದೆ ಮೆತ್ತಗಿನ ಬೆಳಕು ಬಿಟ್ಟಿವೆ. ಬಹಳ ಜನ ಅತ್ತ ನೋಡುವುದೂ ಇಲ್ಲ. ಕೆಲಸ ಚೆನ್ನಾಗಿ ಆಗಿದೆ ಅಂತ ಅದರ ಅರ್ಥ.

ಸಂಜೆ ರಾಷ್ಟ್ರೀಯ ರಂಗಮಂದಿರದ ಪಕ್ಕದ ಹೊಸ ಕಟ್ಟಡ ನೋಡಿದೆವು. 1983ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಕಾರೆಲ್ ಪ್ರಾಗರ್. ಹೊರಮೈ ಪೂರ್ತಿ ಊದಿ ಮಾಡಿದ ಗಾಜಿನ ಇಟ್ಟಿಗೆ, ನಾಲ್ಕು ಸಾವಿರಕ್ಕೂ ಹೆಚ್ಚು. ಅದರ ವಿನ್ಯಾಸ ಲಿಬೆನ್ಸ್ಕಿ ಅವರದು. ಪ್ರತಿ ಇಟ್ಟಿಗೆಯೂ ಟೊಳ್ಳು. ಟೊಳ್ಳಿನಲ್ಲೇ ಕಟ್ಟಿದ ಗೋಡೆ ಅಂದಮೇಲೆ ನಾನು ಕುಣಿಯಬೇಕಿತ್ತು.

"ಹಳೇ ಟೀವಿ ರಾಶಿ ಹಾಕಿದ ಹಾಗಿದೆ" ಅಂದಳು ತಂಗಿ.

ನಿಜ. ಬೂದು ಬಣ್ಣ, ಒಂದೇ ಆಕಾರ, ಸಾವಿರಾರು ಸಲ. ಒಂದು ಇಟ್ಟಿಗೆಯನ್ನು ಹತ್ತಿರದಿಂದ ನೋಡಿದರೆ ಉಬ್ಬಿದ ಗಾಜಿನಲ್ಲಿ ಟ್ರಾಮ್ ದೀಪ ಓಡುತ್ತದೆ, ಅಷ್ಟು ಹೊತ್ತು ಖುಷಿ. ದೂರ ನಿಂತರೆ ಏನೂ ಇಲ್ಲ. ಬ್ರೋಡ್‌ನ ಆ ಒಂದು ತಲೆಯ ಹಿಂದಿನ ಹಳ್ಳಕ್ಕಿರುವ ಶಕ್ತಿ ಈ ಇಡೀ ಗೋಡೆಗಿಲ್ಲ. ಅಲ್ಲಿ ಎಷ್ಟು ತೋಡಬೇಕು ಅಂತ ಯಾರೋ ಬೆರಳಿನಿಂದ ನಿರ್ಧರಿಸಿದ್ದಾರೆ. ಇಲ್ಲಿ ಟೊಳ್ಳು ಇದೆ, ನಿರ್ಧಾರ ಇಲ್ಲ.

ರೂಮಿಗೆ ಬಂದು ಬೆಂಗಳೂರಿಗೆ ಫೋನ್ ಮಾಡಿದೆ, ಸ್ಟುಡಿಯೊ ನೋಡಿಕೊಳ್ಳುವ ಹುಡುಗನಿಗೆ. ಸಿಲಿಕಾ ಪುಡಿ ಎರಡು ಚೀಲ ತರಿಸಿಡು, ಇನ್ವರ್ಟರ್‌ನವನಿಗೆ ಹೇಳಿ ಕಿಲ್ನ್‌ನ ಕಂಟ್ರೋಲರ್‌ಗಾದರೂ ಬ್ಯಾಕಪ್ ಆಗುತ್ತಾ ಕೇಳು ಅಂದೆ. ಪಕ್ಕದಲ್ಲಿ ಬ್ಯಾಗ್ ತುಂಬುತ್ತಿದ್ದ ತಂಗಿ, "ಮೊದಲನೇದು ನಂಗೆ, ಐಡಿಯಾ ನಂದು" ಅಂದಳು.

"ಮೊದಲನೇದು ಒಡೆಯುತ್ತೆ. ನಾಲ್ಕನೇದು ತಗೋ."